ಹುಲ್ಲು, ಕುದುರೆ ಮತ್ತು ಬಿಲ್ಲು

ಮನುಷ್ಯನು ಹುಲ್ಲನ್ನು ತಿಂದು ಅರಗಿಸಿಕೊಳ್ಳಲಾರನು. ಕುರಿ, ದನ, ಕುದುರೆಗಳು ಅರಗಿಸಿಕೊಳ್ಳಬಲ್ಲುವು. ಚೀನದ ಉತ್ತರದ ಗಡಿಯ ಇತಿಹಾಸವು ಈ ಸಾಮಾನ್ಯ ಸಂಗತಿಯಿಂದಲೇ ಆರಂಭವಾಗುತ್ತದೆಂದರೆ ಅತಿಶಯೋಕ್ತಿಯಾಗಲಾರದು. ಹಳದಿ ನದಿಯ ಬಯಲಿನಿಂದ ವಾಯವ್ಯಕ್ಕೆ ಸರಿದಂತೆ ಮಳೆ ಕಡಿಮೆಯಾಗುತ್ತ ಹೋಗುತ್ತದೆ. ವರ್ಷಕ್ಕೆ ಸುಮಾರು 400 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ಆ ಶೀತಪ್ರದೇಶದಲ್ಲಿ ನೀರಾವರಿಯಿಲ್ಲದೆ ಬೆಳೆಯನ್ನು ನಂಬುವಂತಿಲ್ಲ. ಮಹಾಗೋಡೆಯ ಬಹುಭಾಗವು ಈ ಮಳೆಯ ಗೆರೆಯ ಆಸುಪಾಸಿನಲ್ಲಿಯೇ ಹಾದುಹೋಗಿರುವುದು ಆಕಸ್ಮಿಕವಲ್ಲ. ಗೋಡೆಯ ಈಚೆ ನೇಗಿಲು, ಆಚೆ ಮಂದೆ. ಮಂದೆಯು ಮೇದು ಮುಗಿಸಿದ ನೆಲದಲ್ಲಿ ಹುಲ್ಲು ಮತ್ತೆ ಚಿಗುರುವವರೆಗೆ ನಿಲ್ಲುವಂತಿಲ್ಲವಾದುದರಿಂದ, ಅಲೆದಾಟವು ಅಲ್ಲಿನ ಜನರಿಗೆ ಚಪಲವಾಗಿರಲಿಲ್ಲ, ಲೆಕ್ಕಾಚಾರವಾಗಿತ್ತು.

ಇವರಲ್ಲಿ ಪ್ರಬಲರಾದವರು ಷಿಯೊಂಗ್‌ನು ಜನರು. ಅವರಿಗೆ ಗ್ರಂಥಗಳಿರಲಿಲ್ಲ, ಅವರ ವಿಷಯವಾಗಿ ನಾವು ಓದುವುದೆಲ್ಲವೂ ಅವರ ಶತ್ರುಗಳು ಬರೆದುದೆಂಬುದನ್ನು ವಾಚಕರು ಮರೆಯಬಾರದು. ಆದರೂ ಕ್ರಿ. ಪೂ. 100ರ ಸುಮಾರಿನಲ್ಲಿ ಬರೆದ ಇತಿಹಾಸಕಾರ ಸಿಮಾ ಚಿಯೆನ್ ಕುತೂಹಲದ ಕಣ್ಣುಳ್ಳವನು. ಆ ಜನರ ಮಕ್ಕಳು ಕುರಿಯ ಬೆನ್ನೇರಿ ಹಕ್ಕಿ, ಇಲಿಗಳಿಗೆ ಬಾಣ ಬಿಡುತ್ತ ಬೆಳೆಯುತ್ತಾರೆಂದು ಆತನು ತಿಳಿಸುತ್ತಾನೆ.

ಈಗ ಬಿಲ್ಲನ್ನು ನೋಡೋಣ. ಆಳೆತ್ತರದ ಮರದ ಬಿಲ್ಲನ್ನು ಕುದುರೆಯ ಮೇಲಿಂದ ಪ್ರಯೋಗಿಸುವುದು ಕಷ್ಟ. ಅದು ಕುದುರೆಯ ಕತ್ತಿಗೆ ತಗಲುತ್ತದೆ. ಗಿಡ್ಡ ಬಿಲ್ಲನ್ನು ಅಷ್ಟೇ ದೂರ ಎಳೆದರೆ ಮರವು ಮುರಿಯುತ್ತದೆ. ಏಕೆ? ಬಾಗಿದ ಪಟ್ಟಿಯ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಬಾಗು ಬಿಗಿಯಾದಷ್ಟೂ ಈ ಎರಡೂ ಹೆಚ್ಚುತ್ತವೆ. ಹುಲ್ಲುಗಾವಲಿನ ಕುಶಲಿಗಳು ಕಂಡುಕೊಂಡ ಉಪಾಯವು ಇಂದಿನ ಇಂಜಿನಿಯರನೂ ಮೆಚ್ಚುವಂತಹುದು. ಮರದ ತೆಳು ಪಟ್ಟಿಯ ಹೊರಮೈಗೆ, ಎಳೆತವನ್ನು ತಡೆಯಬಲ್ಲ ಪ್ರಾಣಿಗಳ ಸ್ನಾಯುರಜ್ಜುವನ್ನೂ, ಬಿಲ್ಲುಗಾರನ ಕಡೆಗಿರುವ ಒಳಮೈಗೆ, ಒತ್ತಡವನ್ನು ತಡೆಯಬಲ್ಲ ಕೊಂಬಿನ ಪಟ್ಟಿಯನ್ನೂ ಅವರು ಅಂಟಿಸಿದರು. ತುದಿಗಳಿಗೆ ಮೂಳೆಯ ಪಟ್ಟಿಗಳನ್ನು ಕೂರಿಸಿ, ಬಾಗದ ಸನ್ನೆಗೋಲುಗಳನ್ನಾಗಿ ಮಾಡಿದರು.

ಸಣ್ಣದೊಂದು ಲೆಕ್ಕ ಮಾಡೋಣ. ಹೆದೆಯನ್ನು 0.6 ಮೀಟರು ಎಳೆಯುವಾಗ ಸರಾಸರಿ ಬಲವು 150 ನ್ಯೂಟನ್ ಎಂದಿಟ್ಟುಕೊಂಡರೆ, ಬಿಲ್ಲಿನಲ್ಲಿ ಸಂಚಿತವಾಗುವ ಶಕ್ತಿಯು 90 ಜೂಲ್. ಇದರ ಮೂರರಲ್ಲಿ ಎರಡು ಪಾಲು, ಅಂದರೆ 60 ಜೂಲ್, 50 ಗ್ರಾಮಿನ ಬಾಣಕ್ಕೆ ದೊರೆತರೆ ಅದರ ವೇಗವು ಸೆಕೆಂಡಿಗೆ ಸುಮಾರು 49 ಮೀಟರು. ಓಡುವ ಕುದುರೆಯ ಮೇಲಿಂದ ಮುಂದಕ್ಕೆ ಬಿಟ್ಟಾಗ ಕುದುರೆಯ ವೇಗವೂ ಇದಕ್ಕೆ ಕೂಡುತ್ತದೆ. ಹಿಂತಿರುಗಿ ಬಿಟ್ಟಾಗ ಏನಾಗುವುದೆಂಬುದನ್ನು ವಿದ್ಯಾರ್ಥಿಗಳೇ ಯೋಚಿಸಲಿ.

ಇದರ ಪೆಟ್ಟನ್ನು ಮೊದಲು ಗುರುತಿಸಿ ತಿದ್ದಿಕೊಂಡವರಲ್ಲಿ ಝಾವ್ ರಾಜ್ಯದ ದೊರೆ ವುಲಿಂಗ್ ಒಬ್ಬನು. ಕ್ರಿ. ಪೂ. 307ರಲ್ಲಿ ಆತನು ಉದ್ದ ನಿಲುವಂಗಿಗಳನ್ನು ತೆಗೆಯಿಸಿ, ಅಲೆಮಾರಿಗಳ ಷರಾಯಿಯನ್ನು ತೊಡಿಸಿ, ಸೈನಿಕರಿಗೆ ಕುದುರೆಯ ಮೇಲಿಂದ ಬಾಣ ಬಿಡುವುದನ್ನು ಕಲಿಸಿದನು. ಆಸ್ಥಾನಿಕರು ಪ್ರತಿಭಟಿಸಿದುದು ಬಟ್ಟೆಯ ವಿಷಯದಲ್ಲಿ!

ಕ್ರಿ. ಪೂ. 209ರಲ್ಲಿ ಮೋದುನ್ ಎಂಬವನು ತನ್ನ ತಂದೆಯನ್ನು ಕೊಲ್ಲಿಸಿ ಷಿಯೊಂಗ್‌ನು ನಾಯಕನಾದನು. ಬಳಿಕ ಸುತ್ತಣ ಪಂಗಡಗಳನ್ನೆಲ್ಲ ಗೆದ್ದು ಒಂದುಗೂಡಿಸಿದನು. ಕ್ರಿ. ಪೂ. 200ರಲ್ಲಿ ಹಾನ್ ವಂಶದ ಪ್ರಥಮ ಸಾಮ್ರಾಟನೇ ಬಾಯ್‌ಡೆಂಗ್ ಎಂಬಲ್ಲಿ ಏಳು ದಿನ ಇವನ ಮುತ್ತಿಗೆಗೆ ಸಿಲುಕಿದನು. ಅನಂತರದ ಒಪ್ಪಂದದಂತೆ ರಾಜವಂಶದ ಕನ್ಯೆಯೂ, ಪ್ರತಿವರ್ಷ ರೇಷ್ಮೆ, ಮದ್ಯ, ಧಾನ್ಯಗಳೂ ಉತ್ತರಕ್ಕೆ ಹೋಗತೊಡಗಿದುವು. ಇದನ್ನು ಕಾಣಿಕೆಯೆಂದರು; ನಾವು ಕಪ್ಪವೆನ್ನಬಹುದು. ಚೀನದಿಂದ ಷಿಯೊಂಗ್‌ನು ಪಕ್ಷಕ್ಕೆ ಸೇರಿದ ಆಸ್ಥಾನ ಸೇವಕನೊಬ್ಬನು, ರೇಷ್ಮೆಯುಟ್ಟು ಮುಳ್ಳುಗಿಡಗಳ ನಡುವೆ ಸವಾರಿ ಮಾಡಿದರೆ ಅದು ಚಿಂದಿಯಾಗುವುದೆಂದೂ, ಅವರ ಚರ್ಮದ ಉಡುಪೇ ಮೇಲೆಂದೂ ಎಚ್ಚರಿಸಿದನಂತೆ.

ಕ್ರಿ. ಪೂ. 141ರಲ್ಲಿ ಪಟ್ಟವೇರಿದ ಸಾಮ್ರಾಟ ವು ಈ ಏರ್ಪಾಡಿಗೆ ಒಪ್ಪಲಿಲ್ಲ. ಷಿಯೊಂಗ್‌ನುಗಳಿಂದ ಪಶ್ಚಿಮಕ್ಕೆ ಓಡಿಸಲ್ಪಟ್ಟಿದ್ದ ಯೂ-ಚಿ ಜನರ ಸಖ್ಯವನ್ನು ಪಡೆಯಲು ಕ್ರಿ. ಪೂ. 138ರ ಸುಮಾರಿನಲ್ಲಿ ಝಾಂಗ್ ಚಿಯೆನ್ ಎಂಬ ದೂತನನ್ನು ಕಳುಹಿಸಿದನು. ದಾರಿಯಲ್ಲಿ ಸೆರೆಸಿಕ್ಕಿ ಹತ್ತು ವರ್ಷಗಳನ್ನು ಕಳೆದ ಈ ಧೀರನು, ತಪ್ಪಿಸಿಕೊಂಡು ಯೂ-ಚಿಗಳನ್ನು ತಲುಪಿದರೆ, ಅವರಿಗೆ ಸೇಡಿನ ಆಸೆಯೇ ಉಳಿದಿರಲಿಲ್ಲ. ಆದರೆ ಬ್ಯಾಕ್ಟ್ರಿಯದ ಸಂತೆಯಲ್ಲಿ ಆತನು ನೈರುತ್ಯ ಚೀನದ ಬಿದಿರುಕೋಲನ್ನೂ ಬಟ್ಟೆಯನ್ನೂ ಕಂಡು ಬೆರಗಾದನು. ಅವು ಆಗ್ನೇಯದ 'ಷೆನ್‌ದು' ದೇಶದಿಂದ ಬಂದುವೆಂದು ವರ್ತಕರು ಹೇಳಿದರು. ಷೆನ್‌ದು ಎಂದರೆ ಸಿಂಧು, ನಮ್ಮ ಭಾರತ! ಆ ಯೂ-ಚಿಗಳ ಐದು ಶಾಖೆಗಳಲ್ಲಿ ಒಂದರಿಂದಲೇ ಮುಂದೆ ಕನಿಷ್ಕನ ಕುಷಾಣ ವಂಶವು ಹುಟ್ಟಿತು.

ಯುದ್ಧವೂ ಅಗ್ಗವಾಗಲಿಲ್ಲ. ಕ್ರಿ. ಪೂ. 119ರ ದಂಡಯಾತ್ರೆಗೆ ಗಡಿಯನ್ನು ದಾಟಿದ ಕುದುರೆಗಳು 140,000. ಮರಳಿದುವು 30,000ಕ್ಕಿಂತ ಕಡಿಮೆಯೆಂದು ಸಿಮಾ ಚಿಯೆನ್ ಬರೆದಿದ್ದಾನೆ. ಚೀನೀಯರ ಕೈಯಲ್ಲಿ ಕಂಚಿನ ಬಿಡುಗೀಲುಳ್ಳ ಅಡ್ಡಬಿಲ್ಲಿದ್ದಿತು, ಕಾಲಾಳಿನ ಕೈಗೆ ಅದು ಉತ್ತಮ ಆಯುಧ. ಆದರೆ ಮೇವನ್ನು ಅದರಿಂದ ಹೊಡೆದುರುಳಿಸಲಾಗುವುದಿಲ್ಲ. ಕೊನೆಗೆ ಷಿಯೊಂಗ್‌ನುಗಳನ್ನು ಬಗ್ಗಿಸಿದುದರಲ್ಲಿ ಅವರ ಒಳಜಗಳದ ಪಾಲು ದೊಡ್ಡದು, ಕ್ರಿ. ಪೂ. 51ರಲ್ಲಿ ಅವರ ಒಬ್ಬ ನಾಯಕನು ತಾನಾಗಿ ಹಾನ್ ಆಸ್ಥಾನಕ್ಕೆ ಬಂದು ತಲೆಬಾಗಿದನು.

1924-25ರಲ್ಲಿ ರಷ್ಯದ ಕೋಜ್ಲೋವನ ತಂಡವು ಮಂಗೋಲಿಯದ ನೋಯಿನ್-ಉಲಾದಲ್ಲಿ ಷಿಯೊಂಗ್‌ನು ಶ್ರೀಮಂತರ ಗೋರಿಗಳನ್ನು ಅಗೆಯಿತು. ಉಣ್ಣೆಯನ್ನು ತಟ್ಟಿ ಮಾಡಿದ ದಪ್ಪ ಹಾಸುಗಳೂ, ಅವುಗಳ ಜೊತೆಗೆ ಆ ಸೇವಕನು ಬೇಡವೆಂದಿದ್ದ ಚೀನೀ ರೇಷ್ಮೆಯೂ ಅಲ್ಲಿ ದೊರೆತುವು.