ಪೇರಲದ ರುಚಿ

ರಜೆಯಲ್ಲಿ ಊರಿಗೆ ಹೊರಟಾಗ ನಾವು ಪುಣೆಯ ಪೇರಲದ ಬೀಜ ಒಯ್ದೆವು. ಮನೆಯವರು ನಾಲ್ಕು ವರ್ಷ ನೀರೆರೆದರು. ಬಂದ ಹಣ್ಣು ಸಪ್ಪೆ. ತಪ್ಪು ಮಣ್ಣಿನದಲ್ಲ. ಬೀಜದ ಗಿಡ ತಾಯಿಯ ರುಚಿಯನ್ನೇ ತರುವುದೆಂಬ ಭರವಸೆಯಿಲ್ಲ.

ಈ ಭೇದದಿಂದಲೇ ಒಂದು ಲಾಭವೂ ಆಗಿದೆ. 1927ರಲ್ಲಿ ಇದೇ ಪುಣೆಯ ಗಣೇಶಖಿಂಡದ ತೋಟದಲ್ಲಿ, ಲಖನೌದಿಂದ ತರಿಸಿದ ಅಲಹಾಬಾದ ಸಫೇದಾ ಬೀಜದ ಸಸಿಗಳೊಳಗಿಂದ ಡಾ. ಚೀಮಾ ಅವರು ಒಂದನ್ನು ಆರಿಸಿದರು. ಅದೇ ‘ಲಖನೌ-49’, ಅಂದರೆ ಸರ್ದಾರ್.

ಸಫೇದಾದ ಸಿಪ್ಪೆ ನುಣುಪು, ತಿರುಳು ಸಿಹಿ. ಸರ್ದಾರದ ಸಿಪ್ಪೆ ಒರಟು, ಸಿಹಿಯೊಳಗೆ ತುಸು ಹುಳಿ. ಬೆಂಗಳೂರಿನ ಅರ್ಕಾ ಮೃದುಲಾದ ಬೀಜ ಮೆತ್ತಗೆ, ಮುದುಕರಿಗೂ ಅನುಕೂಲ.

ಒಂದೇ ಹದಕ್ಕೆ ಮಾಗಿದ ಹಣ್ಣುಗಳನ್ನು ಉಪ್ಪು ಹಚ್ಚದೆ ತಿಂದು ಹೋಲಿಸಿರಿ. ಮೆಚ್ಚಿದ ರುಚಿ ಊರ ಹಿತ್ತಲಿಗೂ ಬೇಕೆಂದರೆ ಬೀಜ ಬೇಡ, ಕಸಿ ಸಸಿಯನ್ನೇ ಒಯ್ಯಿರಿ.