ಹಂಗೇರಿಯನ್ ಸ್ವಂತವಾಗಿ ಕಲಿಯುವವರಿಗೆ: ಕೋರ್ಸ್ ಆರಿಸಿಕೊಳ್ಳಲು 9 ಸೂತ್ರಗಳು

ಮಂಡ್ಯ, ಮದ್ದೂರು, ಮಳವಳ್ಳಿಯ ಮಕ್ಕಳು ಹೊರದೇಶದ ಓದಿನ ಮಾತೆತ್ತಿದರೆ ಮೊದಲು ಬರುವುದು ಅಮೆರಿಕ, ಜರ್ಮನಿಯ ಹೆಸರು. ಆ ಪಟ್ಟಿಗೆ ಹಂಗೇರಿಯನ್ನೂ ಸೇರಿಸಿಕೊಳ್ಳಿ. 2013ರಲ್ಲಿ ಶುರುವಾದ ಅಲ್ಲಿನ ಸರ್ಕಾರದ ‘ಸ್ಟಿಪೆಂಡಿಯಂ ಹಂಗೇರಿಕುಂ’ ವಿದ್ಯಾರ್ಥಿವೇತನದಲ್ಲಿ ಭಾರತೀಯರಿಗೆ ವರ್ಷಕ್ಕೆ 200 ಸ್ಥಾನಗಳಿವೆ. ಡೆಬ್ರೆಟ್ಸೆನ್, ಸೆಗೆಡ್, ಪೇಚ್ ವಿಶ್ವವಿದ್ಯಾಲಯಗಳಲ್ಲಿ ವೈದ್ಯಕೀಯವನ್ನು ಇಂಗ್ಲಿಷಿನಲ್ಲೇ ಓದಬಹುದು. ಟಿಸಿಎಸ್ 2001ರಿಂದ ಬುಡಾಪೆಸ್ಟ್‌ನಲ್ಲಿದೆ. ಅಪೋಲೊ ಟೈರ್ಸ್ 2017ರಲ್ಲಿ ಹಂಗೇರಿಯಲ್ಲಿ ಕಾರ್ಖಾನೆ ತೆರೆಯಿತು.

ಪಾಠ ಇಂಗ್ಲಿಷಿನಲ್ಲಿ ನಡೆದರೂ ಬದುಕು ನಡೆಯುವುದು ಹಂಗೇರಿಯನ್‌ನಲ್ಲೇ. ವಾರ್ಡಿನಲ್ಲಿ ಮಲಗಿರುವ ಅಜ್ಜಿ ತನಗೆ ಎಲ್ಲಿ ನೋವು ಅಂತ ಹೇಳುವುದು ಅವಳ ಭಾಷೆಯಲ್ಲೇ. ಇದನ್ನು ಕಲಿಸುವ ಮೇಷ್ಟ್ರು ನಮ್ಮ ಊರುಗಳಲ್ಲಿ ಸಿಗುವುದು ಕಷ್ಟ, ಹಾಗಾಗಿ ಸ್ವಂತ ಕಲಿಕೆಯೇ ದಾರಿ. ಕೋರ್ಸ್ ಆರಿಸುವಾಗ ಒಂದು ಮಾತು ಗಟ್ಟಿಯಾಗಿ ನೆನಪಿಡಿ: ಈ ಪುಸ್ತಕಗಳನ್ನು ಬಹುಪಾಲು ಬರೆದಿರುವುದು ಇಂಗ್ಲಿಷ್ ಮಾತಾಡುವವರಿಗಾಗಿ. ಅವರಿಗೆ ಕಷ್ಟವಾದದ್ದೆಲ್ಲ ನಿಮಗೆ ಕಷ್ಟವಲ್ಲ. ನಿಮ್ಮ ಕನ್ನಡವನ್ನೇ ಅಳತೆಗೋಲು ಮಾಡಿಕೊಂಡು ಆರಿಸಿ.

1. ಗುರಿ ಮೊದಲು, ಕೋರ್ಸ್ ಆಮೇಲೆ

ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವವರು, ವೈದ್ಯಕೀಯ ಓದುವವರು, ಕೆಲಸಕ್ಕೆ ಹೋಗುವವರು ಎಲ್ಲರಿಗೂ ಒಂದೇ ಪುಸ್ತಕ ಆಗಿಬರುವುದಿಲ್ಲ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಸ್ಟಿಪೆಂಡಿಯಂ ವಿದ್ಯಾರ್ಥಿಗಳಿಗೆ ಮೊದಲ ವರ್ಷ ಹಂಗೇರಿಯನ್ ಪಾಠ ಇದ್ದೇ ಇರುತ್ತದೆ. ಅಂಥವರಿಗೆ ಹೊರಡುವ ಮುಂಚೆ ಎ1 ಎಂಬ ಆರಂಭದ ಮಟ್ಟ ಮುಗಿದರೆ ಸಾಕು. ಡಾಕ್ಟರಾಗುವವರು ರೋಗಿಯ ಜೊತೆ ಮಾತಾಡಬೇಕು. ಅವರಿಗೆ ಸಂಭಾಷಣೆ ಹೆಚ್ಚಾಗಿರುವ ಕೋರ್ಸ್ ಬೇಕು. ನಿಮ್ಮ ಗುರಿಯನ್ನು ಒಂದೇ ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ. ಆ ವಾಕ್ಯಕ್ಕೆ ಹೊಂದದ ಕೋರ್ಸ್ ಎಷ್ಟೇ ಹೆಸರುವಾಸಿಯಾಗಿದ್ದರೂ ಬಿಟ್ಟುಬಿಡಿ.

2. ‘ಮೂರು ತಿಂಗಳಲ್ಲಿ ನಿರರ್ಗಳ’ ಎಂಬ ಜಾಹೀರಾತಿಗೆ ದುಡ್ಡು ಸುರಿಯಬೇಡಿ

ಅಮೆರಿಕದ ವಿದೇಶಾಂಗ ಇಲಾಖೆಯ ತರಬೇತಿ ಸಂಸ್ಥೆ ಎಫ್‌ಎಸ್‌ಐ, ಇಂಗ್ಲಿಷ್ ಬಲ್ಲವರು ಹಂಗೇರಿಯನ್‌ನಲ್ಲಿ ಕಚೇರಿ ಕೆಲಸ ನಡೆಸುವಷ್ಟು ಪಳಗಲು 1,100 ಗಂಟೆಗಳ ತರಗತಿ ಬೇಕೆಂದು ಲೆಕ್ಕ ಹಾಕಿದೆ. ದಿನಕ್ಕೆ ಒಂದು ಗಂಟೆಯಂತೆ ಅದು ಮೂರು ವರ್ಷ. ಈ ಅಂಕಿ ಕಂಡು ಎದೆಗುಂದಬೇಡಿ. ಮೊದಲ ಮೆಟ್ಟಿಲು ಎ1 ಅದಕ್ಕಿಂತ ಬಹಳ ಹತ್ತಿರದಲ್ಲಿದೆ. ಆ ಒಂದು ಮಟ್ಟಕ್ಕೆ ಬೇಕಾದ ಪುಸ್ತಕ, ಧ್ವನಿ ಪಾಠ ಮಾತ್ರ ಕೊಳ್ಳಿ. ಮುಂದಿನದನ್ನು ಅದು ಮುಗಿದ ಮೇಲೆ ನೋಡಿದರಾಯಿತು.

3. ಧ್ವನಿ ಇಲ್ಲದ ಕೋರ್ಸ್ ಮನೆಗೆ ತರಬೇಡಿ

ಹಂಗೇರಿಯನ್‌ನಲ್ಲಿ 14 ಸ್ವರಗಳಿವೆ. ಹ್ರಸ್ವ, ದೀರ್ಘ ಬದಲಾದರೆ ಪದವೇ ಬದಲಾಗುತ್ತದೆ. ಇಂಗ್ಲಿಷಿನವರಿಗೆ ಇದು ದೊಡ್ಡ ತಲೆನೋವು. ಬಿಡು–ಬೀಡು, ಕತೆ–ಕತ್ತೆ ಅಂತ ಹುಟ್ಟಿನಿಂದ ಕೇಳಿ ಬೆಳೆದ ಕಿವಿಗೆ ಹ್ರಸ್ವ–ದೀರ್ಘವೂ ಕಷ್ಟವಲ್ಲ, ಒತ್ತಕ್ಷರವೂ ಕಷ್ಟವಲ್ಲ. ನಮಗೆ ಮುಖ್ಯವಾಗಿ ಹೊಸದು ಎರಡು ದನಿಗಳು. ಬಾಯೊಳಗೆ ‘ಎ’ ಹಿಡಿದು ತುಟಿಯನ್ನು ‘ಒ’ ಮಾಡಿ ನೋಡಿ, ಒಂದು ಬರುತ್ತದೆ. ‘ಇ’ ಹಿಡಿದು ತುಟಿಯನ್ನು ‘ಉ’ ಮಾಡಿ, ಇನ್ನೊಂದು ಬರುತ್ತದೆ. ಇವೆರಡನ್ನೂ ಕಿವಿ ಪಳಗುವಷ್ಟು ಸಲ ಕೇಳಿಸಿ, ನಿಮ್ಮಿಂದ ಹೇಳಿಸುವ ಕೋರ್ಸ್ ಒಳ್ಳೆಯದು. ಅಕ್ಷರಗಳ ಓದನ್ನೂ ಮೊದಲ ಪಾಠದಲ್ಲೇ ತಿದ್ದಿರಬೇಕು. ಅಲ್ಲಿ ಎಸ್ ಅಕ್ಷರ ಒಂದೇ ಬಂದರೆ ‘ಶ’, ಜೊತೆಗೆ ಜ಼ಡ್ ಬಂದರೆ ‘ಸ’. ಹಾಗಾಗಿ ಆ ದೇಶದವರ ಬಾಯಲ್ಲಿ ರಾಜಧಾನಿ ‘ಬುದಪೆಶ್ತ್’.

4. ಪ್ರತ್ಯಯಗಳನ್ನು ಬಿಡಿಸಿ ತೋರಿಸುತ್ತದೆಯೇ ನೋಡಿ

ಕೋರ್ಸ್ ಗಟ್ಟಿಯೋ ಜೊಳ್ಳೋ ಗೊತ್ತಾಗುವುದು ಇಲ್ಲೇ. ‘ಹಾಜ಼್’ ಅಂದರೆ ಮನೆ, ‘ಹಾಜ಼ಕ್’ ಅಂದರೆ ಮನೆಗಳು, ‘ಹಾಜ಼ಕ್‌ಬನ್’ ಅಂದರೆ ಮನೆಗಳಲ್ಲಿ. ಮೊದಲು ಪದ, ಆಮೇಲೆ ಬಹುವಚನ, ಕೊನೆಗೆ ವಿಭಕ್ತಿ: ನಮ್ಮದೇ ಕ್ರಮ. ಹೊಸ ಸಂಗತಿ ಏನೆಂದರೆ, ಪದದ ಸ್ವರಕ್ಕೆ ತಕ್ಕಂತೆ ಪ್ರತ್ಯಯದ ಸ್ವರವೂ ಬದಲಾಗುತ್ತದೆ. ‘ಹಾಜ಼್‌ಬನ್’ ಅಂದರೆ ಮನೆಯಲ್ಲಿ. ‘ಕೆರ್ತ್‌ಬೆನ್’ ಅಂದರೆ ತೋಟದಲ್ಲಿ. ಇದನ್ನು ಒಂದೊಂದಾಗಿ ಬಿಡಿಸಿ ತೋರಿಸಿ, ಅಭ್ಯಾಸ ಕೊಡುವ ಪುಸ್ತಕ ಆರಿಸಿ. ಬರೀ ಸಿದ್ಧ ವಾಕ್ಯಗಳನ್ನು ಬಾಯಿಪಾಠ ಮಾಡಿಸುವ ಪುಸ್ತಕ ನಾಲ್ಕನೇ ಪಾಠಕ್ಕೇ ಕೈಕೊಡುತ್ತದೆ.

5. ಕನ್ನಡ ಸುಲಭ ಮಾಡಿದ್ದನ್ನು ಬೇಗ ದಾಟಿ, ಹೊಸದಕ್ಕೆ ಸಮಯ ಕೊಡಿ

ಅವರು ‘ಕೇತ್ ಹಾಜ಼್’ ಅನ್ನುತ್ತಾರೆ. ನಾವೂ ‘ಎರಡು ಮನೆ’ ಅಂತ ಏಕವಚನದಲ್ಲೇ ಹೇಳುತ್ತೇವೆ. ‘ಪೇತೆರ್ ತನಾರ್’ ಅಂದರೆ ಪೇತೆರ್ ಮೇಷ್ಟ್ರು. ನಡುವೆ ಕ್ರಿಯಾಪದ ಅವರಿಗೂ ಬೇಡ, ನಮಗೂ ಬೇಡ. ‘ನನಗೆ ಇಬ್ಬರು ತಮ್ಮಂದಿರಿದ್ದಾರೆ’ ಅಂತ ನಾವು ಹೇಳುವ ಹಾಗೆ ಅವರೂ ‘ನನಗೆ ಇದೆ’ ಎಂಬ ರೀತಿಯಲ್ಲೇ ಹೇಳುತ್ತಾರೆ. ಇಂಥ ಪಾಠಗಳಲ್ಲಿ ದಿನಗಟ್ಟಲೆ ಕೂರಬೇಡಿ.

ಉಳಿಸಿದ ಸಮಯವನ್ನು ಕ್ರಿಯಾಪದಕ್ಕೆ ಕೊಡಿ. ಯಾವುದೋ ಒಂದು ಮನೆ ಕಂಡರೆ ‘ಲಾತೊಕ್’, ಗೊತ್ತಿರುವ ಆ ಮನೆಯೇ ಕಂಡರೆ ‘ಲಾತೊಮ್’: ಎರಡಕ್ಕೂ ‘ನೋಡುತ್ತೇನೆ’ ಎಂದೇ ಅರ್ಥ. ಈ ವಿಷಯಕ್ಕೆ ಕೋರ್ಸ್ ಎಷ್ಟು ಪುಟ ಕೊಟ್ಟಿದೆ, ಎಷ್ಟು ಅಭ್ಯಾಸ ಕೊಟ್ಟಿದೆ ಎಂದು ಕೊಳ್ಳುವ ಮುಂಚೆಯೇ ತಿರುವಿ ನೋಡಿ.

6. ನೀನು–ನೀವು ಕಲಿಸದ ಕೋರ್ಸ್ ಬೇಡ

ಗೆಳೆಯರಿಗೆ ‘ಸಿಯಾ’ ಸಾಕು. ಅಂಗಡಿಯ ಯಜಮಾನರಿಗೆ, ಪ್ರೊಫೆಸರಿಗೆ ‘ಯೋ ನಪೊತ್ ಕೀವಾನೊಕ್’ ಅನ್ನಬೇಕು. ವಯಸ್ಸಾದ ಗಂಡಸರ ಹೆಸರಿನ ಕೊನೆಗೆ ‘ಬಾಚಿ’, ಹೆಂಗಸರ ಹೆಸರಿನ ಕೊನೆಗೆ ‘ನೇನಿ’ ಸೇರಿಸಿ ಕರೆಯುವುದುಂಟು. ಕಂಡ ಹಿರಿಯರನ್ನೆಲ್ಲ ಅಣ್ಣ, ಅಕ್ಕ, ಅಜ್ಜಿ ಎಂದು ಮಾತಾಡಿಸುವ ಮಂಡ್ಯದವರಿಗೆ ಇದರ ಬೆಲೆ ಗೊತ್ತು. ಎದುರಿಗಿರುವವರು ಯಾರು ಎಂಬುದರ ಮೇಲೆ ಮಾತು ಹೇಗೆ ಬದಲಾಗುತ್ತದೆ ಎಂದು ಮೊದಲ ಪಾಠಗಳಲ್ಲೇ ಹೇಳಿಕೊಡುವ ಕೋರ್ಸ್ ನಿಮ್ಮನ್ನು ಜನರ ಹತ್ತಿರ ಒಯ್ಯುತ್ತದೆ.

7. ಒಂದು ಮುಖ್ಯ ಪುಸ್ತಕ, ಒಂದು ಜೊತೆಗಾರ, ಅಷ್ಟೇ

ಸ್ವಂತ ಕಲಿಯುವವರಿಗಾಗಿಯೇ ಬರೆದ ಎರಡು ಹೆಸರಾಂತ ಪುಸ್ತಕಗಳು ‘ಟೀಚ್ ಯುವರ್‌ಸೆಲ್ಫ್’ ಮಾಲೆಯ ‘ಕಂಪ್ಲೀಟ್ ಹಂಗೇರಿಯನ್’ ಮತ್ತು ರೌಟ್ಲೆಡ್ಜ್ ಪ್ರಕಾಶನದ ‘ಕಲೋಕ್ವಿಯಲ್ ಹಂಗೇರಿಯನ್’. ಎರಡರಲ್ಲೂ ವಿವರಣೆ ಇಂಗ್ಲಿಷಿನಲ್ಲಿದೆ, ಅಭ್ಯಾಸಗಳಿಗೆ ಉತ್ತರವೂ ಇದೆ. ಉತ್ತರ ಕೊಡದ ಪುಸ್ತಕ ಮೇಷ್ಟ್ರಿಲ್ಲದವರಿಗೆ ಪ್ರಯೋಜನವಿಲ್ಲ. ಪೇಚ್ ವಿಶ್ವವಿದ್ಯಾಲಯದ ‘ಮಜ್ಯಾರ್‌ಓಕೆ’ ಇವತ್ತಿನ ಆಡುಮಾತಿಗೆ ಬಹಳ ಹತ್ತಿರ. ಆದರೆ ಅದು ತರಗತಿಗೆಂದು ಬರೆದದ್ದು, ಎರಡನೇ ಹಂತಕ್ಕೆ ಇಟ್ಟುಕೊಳ್ಳಿ. ದುಡ್ಡಿಲ್ಲ ಎಂದು ಯಾರೂ ಹಿಂಜರಿಯಬೇಕಿಲ್ಲ. 1960ರ ದಶಕದ ಎಫ್‌ಎಸ್‌ಐ ಕೋರ್ಸ್ ಪುಸ್ತಕ, ಧ್ವನಿ ಎರಡೂ ಸೇರಿ ಪುಕ್ಕಟೆ ಸಿಗುತ್ತದೆ. ಮಾತು ಹಳೆಯದಾದರೂ ನಾಲಿಗೆ ಪಳಗಿಸುವ ಅದರ ಅಭ್ಯಾಸಗಳು ಇಂದಿಗೂ ಗಟ್ಟಿ. ಡುಯೊಲಿಂಗೊ ದಿನದ ರೂಢಿ ತಪ್ಪದಂತೆ ನೋಡಿಕೊಳ್ಳುತ್ತದೆ. ಆದರೆ ವ್ಯಾಕರಣದ ವಿವರಣೆ ತೆಳು, ಅದೊಂದನ್ನೇ ನಂಬಿ ಕೂರಬೇಡಿ. ಐದು ಕೋರ್ಸ್ ಶುರು ಮಾಡಿದವರಿಗಿಂತ ಒಂದನ್ನು ಮುಗಿಸಿದವರೇ ಮುಂದೆ.

8. ನಿಮ್ಮ ದಿನಚರಿಗೆ ಹೊಂದುವುದನ್ನೇ ತೆಗೆದುಕೊಳ್ಳಿ

ಮಂಡ್ಯ, ಮದ್ದೂರಿನಿಂದ ದಿನಾ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರಿಗೆ ಕಿವಿಯ ಪಾಠವೇ ಸರಿ. ಪಾಠವನ್ನು ರಾತ್ರಿಯೇ ಫೋನಿಗೆ ಇಳಿಸಿಟ್ಟುಕೊಳ್ಳಿ, ದಾರಿಯಲ್ಲಿ ನೆಟ್‌ವರ್ಕ್ ನೆಚ್ಚಬೇಡಿ. ಮಳವಳ್ಳಿಗೆ ರೈಲಿಲ್ಲ, ಬಸ್ಸಿನ ಕುಲುಕಾಟದಲ್ಲಿ ಪುಸ್ತಕ ಓದಲಾಗದು, ಆದರೆ ಮದ್ದೂರು ಬಿಟ್ಟು ಕೆ.ಎಂ. ದೊಡ್ಡಿ ಬರುವಷ್ಟರಲ್ಲಿ ಒಂದು ಸಂಭಾಷಣೆಯನ್ನು ಮೂರು ಸಲ ಕೇಳಬಹುದು. ಬರೆಯುವ ಅಭ್ಯಾಸ ಮನೆಯಲ್ಲಿ, ಬೆಳಗ್ಗೆ ತಲೆ ಚುರುಕಾಗಿರುವಾಗ. ಪಾಠಗಳು ಹದಿನೈದು ಇಪ್ಪತ್ತು ನಿಮಿಷದ ತುಂಡುಗಳಾಗಿರುವ ಕೋರ್ಸ್ ಇಂಥ ದಿನಚರಿಗೆ ಹೇಳಿ ಮಾಡಿಸಿದಂತಿರುತ್ತದೆ. ಹಾಡ್ತಾ ಹಾಡ್ತಾ ರಾಗ. ಭಾಷೆಯೂ ಹಾಗೆಯೇ ಬರುವುದು.

9. ಪುಸ್ತಕದ ಜೊತೆಗೆ ಒಬ್ಬ ಮನುಷ್ಯ ಬೇಕೇ ಬೇಕು

ಹಂಗೇರಿಯ ಚೋಮ ದೆ ಕೊರೊಶ್ (1784–1842) ಹತ್ತಾರು ಭಾಷೆ ಕಲಿತ ಮಹಾ ಸಾಧಕ. ತನ್ನ ಜನರ ಮೂಲ ಹುಡುಕುತ್ತಾ ಭಾರತಕ್ಕೆ ಬಂದವನು ಟಿಬೆಟನ್ ಕಲಿತು, 1834ರಲ್ಲಿ ಕಲ್ಕತ್ತೆಯಲ್ಲಿ ಟಿಬೆಟನ್–ಇಂಗ್ಲಿಷ್ ನಿಘಂಟು ಪ್ರಕಟಿಸಿದ. ಅಂಥವನೂ ಹಿಮಾಲಯದ ಜ಼ಂಸ್ಕಾರದ ಹಿಮದಲ್ಲಿ ಒಬ್ಬ ಲಾಮಾನ ಎದುರು ಕೂತೇ ಕಲಿತದ್ದು. ನೀವೂ ವಾರಕ್ಕೊಮ್ಮೆಯಾದರೂ ಆನ್‌ಲೈನಿನಲ್ಲಿ ಹಂಗೇರಿಯ ಒಬ್ಬರ ಜೊತೆ ಮಾತಾಡಿ. ಈಗಾಗಲೇ ಅಲ್ಲಿ ಓದುತ್ತಿರುವ ಕನ್ನಡದ ವಿದ್ಯಾರ್ಥಿಗಳನ್ನು ಹುಡುಕಿ, ಯಾವ ಪುಸ್ತಕ ಕೈಹಿಡಿಯಿತು ಎಂದು ಕೇಳಿ. ದೆಹಲಿಯಲ್ಲಿ ಹಂಗೇರಿಯ ಸಾಂಸ್ಕೃತಿಕ ಕೇಂದ್ರವಿದೆ. ಮಾರ್ಗದರ್ಶನ ಬೇಕೆಂದು ಒಂದು ಪತ್ರ ಬರೆಯಲು ಸಂಕೋಚಪಡಬೇಡಿ.

ಈ ವಾರವೇ ಕೆಲಸ ಶುರು ಮಾಡಿ. ಎರಡು ಕೋರ್ಸ್‌ಗಳ ಮೊದಲ ಪಾಠ ಕೇಳಿ, ಪ್ರತ್ಯಯದ ಪಾಠ ತಿರುವಿ, ಉತ್ತರಗಳಿವೆಯೇ ನೋಡಿ. ಭಾನುವಾರದೊಳಗೆ ಒಂದನ್ನು ಆರಿಸಿ, ಇನ್ನೊಂದನ್ನು ಮುಚ್ಚಿಡಿ. ಸ್ಟಿಪೆಂಡಿಯಂ ಅರ್ಜಿಯ ಗಡುವು ಸಾಮಾನ್ಯವಾಗಿ ಜನವರಿ ಮಧ್ಯಕ್ಕೆ ಬರುತ್ತದೆ, ತರಗತಿ ಸೆಪ್ಟೆಂಬರಿನಲ್ಲಿ ಶುರುವಾಗುತ್ತದೆ. ಅರ್ಜಿ ಹಾಕಿದ ದಿನದಿಂದ ವಿಮಾನ ಹತ್ತುವ ದಿನದವರೆಗೆ ಏಳು ತಿಂಗಳು ಸಿಗುತ್ತದೆ. ಒಂದೇ ಕೋರ್ಸ್ ಹಿಡಿದು ದಿನಕ್ಕೊಂದು ಗಂಟೆ ಕೂತವರಿಗೆ ಎ1 ಮುಗಿಸಲು ಅಷ್ಟು ಧಾರಾಳವಾಗಿ ಸಾಕು.