ನಿಮಿಷದ ಹೆಸರಿನ ಗಾಡಿಗಳು

ಡೊಂಬಿವಲಿಗೆ ಹೊಸದಾಗಿ ಬಂದವರಿಗೆ ನಾನು ಮೊದಲು ಹೇಳಿಕೊಡುವ ಮಾತು ‘ಮಿನಿಟು’. ಕರಾವಳಿಯಲ್ಲಿ ಬಸ್ಸನ್ನು ಅದರ ಮೇಲೆ ಬರೆದ ಹೆಸರಿನಿಂದ ಗುರುತಿಸುತ್ತೇವೆ. ಇಲ್ಲಿ ಲೋಕಲ್ ಗಾಡಿಗೆ ಅದರ ಸಮಯವೇ ಹೆಸರು. ‘ನಂದು ಎಂಟು ಹದಿಮೂರು’ ಎಂದು ಪಕ್ಕದ ಮನೆಯವರು ಅಂದರೆ ಅದು ಅವರು ದಿನಾ ಹಿಡಿಯುವ ಗಾಡಿ. ನೀವು ಎಂಟೂಕಾಲಿಗೆ ಸ್ಟೇಷನ್ ತಲುಪಿದರೆ ಸಿಗುವುದು ಬೇರೆ ಗಾಡಿ. ಅದು ಸ್ಲೋ ಆಗಿದ್ದರೆ ಆಫೀಸಿಗೆ ತಡವಾಯಿತೆಂದೇ ಲೆಕ್ಕ. ಪ್ಲಾಟ್‌ಫಾರ್ಮಿನ ಇಂಡಿಕೇಟರಿನಲ್ಲಿ ಸಮಯದ ಜೊತೆಗೆ ‘ಎಫ್’ ಕಂಡರೆ ಫಾಸ್ಟ್, ‘ಎಸ್’ ಕಂಡರೆ ಸ್ಲೋ. ಅಂಕಿ ಮಾತ್ರ ನೋಡಿ ಓಡಬೇಡಿ, ಅಕ್ಷರವನ್ನೂ ನೋಡಿ.

ಮಿನಿಟಿನ ಬೇರು ಲ್ಯಾಟಿನ್ನಿನಲ್ಲಿದೆ. ಅರವತ್ತು ಪಾಲು ಮಾಡಿದಾಗ ಸಿಗುವುದನ್ನು ‘ಪಾರ್ಸ್ ಮಿನುಟಾ ಪ್ರೀಮಾ’ ಅಂದರು, ಅಂದರೆ ಮೊದಲನೆಯ ಸಣ್ಣ ಪಾಲು. ಅದನ್ನೇ ಮತ್ತೆ ಅರವತ್ತು ಮಾಡಿದರೆ ಎರಡನೆಯ ಸಣ್ಣ ಪಾಲು, ‘ಸೆಕುಂಡಾ’. ನಮ್ಮ ಸೆಕೆಂಡು ಬಂದದ್ದು ಅಲ್ಲಿಂದ. ಅರವತ್ತರ ಈ ಲೆಕ್ಕ ಬ್ಯಾಬಿಲೋನಿನವರಿಂದ ಬಂದದ್ದು. ಪಂಚಾಂಗ ನೋಡುವ ಮನೆಯವರಿಗೆ ಇದು ಹೊಸತಲ್ಲ: ದಿನಕ್ಕೆ 60 ಗಳಿಗೆ, ಗಳಿಗೆಗೆ 24 ನಿಮಿಷ. ‘ನಿಮಿಷ’ವಂತೂ ಮೊದಲಿಗೆ ರೆಪ್ಪೆ ಬಡಿಯುವಷ್ಟು ಹೊತ್ತು. ರೆಪ್ಪೆ ಬಡಿಯದ ದೇವತೆಗಳನ್ನು ಅನಿಮಿಷರು ಅನ್ನುವುದು ಅದಕ್ಕೇ.

ಈ ಸಣ್ಣ ಪಾಲಿಗೆ ಇಲ್ಲಿ ಬೆಲೆ ತಂದದ್ದು ರೈಲು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಗಾಡಿ ಓಡಿತು. ಮರುವರ್ಷ ಹಳಿ ಕಲ್ಯಾಣ್ ಮುಟ್ಟಿತು. ಆಗ ಊರಿಗೊಂದು ಸಮಯ. 1906ರಲ್ಲಿ ದೇಶಕ್ಕೆಲ್ಲ ಒಂದೇ ಸಮಯ ಗೊತ್ತುಮಾಡಿದರೂ, ಅದಕ್ಕಿಂತ 39 ನಿಮಿಷ ಹಿಂದಿದ್ದ ತನ್ನ ಸಮಯವನ್ನು ಮುಂಬಯಿ 1955ರವರೆಗೆ ಪೂರ್ತಿ ಬಿಟ್ಟುಕೊಡಲಿಲ್ಲ.

ಇನ್ನು ಕಿವಿಯ ಪಾಠ. ಮರಾಠಿಯವರು ‘ಸವ್ವಾ ಆಠ್’ ಅಂದರೆ ಎಂಟೂಕಾಲು. ‘ಸಾಡೇ ಆಠ್’ ಅಂದರೆ ಎಂಟೂವರೆ. ಶನಿಯ ಏಳೂವರೆ ವರ್ಷದ ಸಾಡೇಸಾತಿಯಲ್ಲಿರುವುದೂ ಇದೇ ‘ಸಾಡೇ’. ನಮ್ಮವರು ಎಡವುವುದು ‘ಪಾವಣೇ ಆಠ್’ನಲ್ಲಿ. ಎಂಟು ಎಂಬುದಷ್ಟೇ ಕಿವಿಗೆ ಬಿದ್ದು ಎಂಟೂಮುಕ್ಕಾಲು ಅಂದುಕೊಳ್ಳುತ್ತಾರೆ. ಅದು ಏಳೂಮುಕ್ಕಾಲು! ನಾವು ಕಳೆದ ಗಂಟೆಗೆ ಮುಕ್ಕಾಲು ಕೂಡಿಸುತ್ತೇವೆ, ಅವರು ಬರುವ ಗಂಟೆಯಿಂದ ಕಾಲು ಕಳೆಯುತ್ತಾರೆ. ಇಂಗ್ಲಿಷಿನ ‘ಕ್ವಾರ್ಟರ್ ಟು ಎಯ್ಟ್’ ಕೂಡ ಇದೇ ಲೆಕ್ಕ. ಪಾವಣೇ ಆಠ್‌ಗೆ ಬನ್ನಿ ಅಂದವರ ಬಳಿಗೆ 8.45ಕ್ಕೆ ಹೋದರೆ ಅವರು ಒಂದು ಗಂಟೆ ಕಾದು ಹೊರಟುಹೋಗಿರುತ್ತಾರೆ. ಅನುಮಾನವಿದ್ದರೆ ‘ಸಾತ್ ಪಂಚೇಚಾಳೀಸ್?’ ಎಂದು ನಿಮಿಷ ಹಿಡಿದೇ ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ.

ಎರಡು ಮಾತು ಮಾತ್ರ ಬಾಯಿಪಾಠವೇ ಆಗಬೇಕು. ಒಂದೂವರೆಗೆ ‘ದೀಡ್’, ಎರಡೂವರೆಗೆ ‘ಅಡೀಚ್’. ‘ಸಾಡೇ’ ಸೇರುವುದು ಮೂರರಿಂದ ಮುಂದಕ್ಕೆ.